ಕುಲುಮೆ ಆರಿಸುವ ಲೆಕ್ಕ

ಹದಿನಾಲ್ಕನೇ ತಾರೀಖು, ಭಾನುವಾರ
ಹಾಸ್ಟೆಲ್

ಪ್ರೀತಿಯ ಅಪ್ಪನಿಗೆ,

ನಿನ್ನ ಮಗಳ ನಮಸ್ಕಾರ. ನಿನ್ನ ಎರಡು ಪತ್ರಗಳಿಗೂ ಉತ್ತರ ಬರೆಯಲಿಲ್ಲ. ಪರೀಕ್ಷೆ ಇತ್ತು ಎಂದರೆ ಸುಳ್ಳಾಗುತ್ತದೆ. ಬರೆಯಲು ಕೂತಾಗಲೆಲ್ಲ ಕೈ ಓಡಲಿಲ್ಲ, ಫೋನಿನಲ್ಲಿ ಹೇಳಲು ಧೈರ್ಯ ಬರಲಿಲ್ಲ. ಸಿಟ್ಟಾಗಬೇಡ.

ನೀನು ಊಟಕ್ಕೂ ಮನೆಗೆ ಬರುತ್ತಿಲ್ಲವೆಂದು ಅಮ್ಮ ಹೇಳಿದಳು. ಮಾಲೀಕರು ಕಾರ್ಖಾನೆ ಬಿಟ್ಟು ಹೋದ ಮೇಲೂ ಗಾಜಿನ ಕುಲುಮೆ ಆರದಂತೆ ನೀವೆಲ್ಲ ಪಾಳಿಯ ಮೇಲೆ ಕಾಯುತ್ತಿದ್ದೀರಿ. ಒಮ್ಮೆ ಆರಿದರೆ ಒಳಗಿನ ಗಾಜು ಕಲ್ಲಾಗಿ, ಇಟ್ಟಿಗೆ ಸೀಳಿ, ಮತ್ತೆ ಹೊತ್ತಿಸುವಂತಿಲ್ಲ. ನಮ್ಮ ಮನೆಯಲ್ಲಿ ಅಕ್ಷರಕ್ಕಿಂತ ಮೊದಲು ಕಲಿತ ಪಾಠ ಅದು. ಬಾಟಲಿ ತಪಾಸಣೆಯ ಬುಡ್ಡಿ ಮಾವ, "ಹೆಂಡ್ತಿ ಮುನಿಸ್ಕೊಂಡ್ರೆ ಹೇಗೋ ಸಮಾಧಾನ ಮಾಡ್ಬಹುದು, ಇವಳು ತಣ್ಣಗಾದ್ರೆ ಮುಗೀತು ಕಥೆ" ಎಂದು ಈಗಲೂ ನಗಿಸುತ್ತಾರಂತೆ.

ಕಾರ್ಖಾನೆಯನ್ನು ಕೆಲಸಗಾರರೇ ವಹಿಸಿಕೊಳ್ಳಬೇಕೆಂದು ಹಟ ಹಿಡಿದವಳು ನಾನು. ಕರಪತ್ರಗಳನ್ನು ಬಾಯಿಪಾಠ ಮಾಡಿ, ಗೇಟಿನ ಮುಂದೆ ಸ್ಟೂಲು ಹತ್ತಿ, "ಯಜಮಾನನಿಲ್ಲದೆಯೂ ಗಾಜು ಕರಗುತ್ತದೆ" ಎಂದವಳು. ಮಾಲೀಕರ ವಿದ್ಯೆಯನ್ನು ಕಲಿತು ಅವರ ಮೇಲೆಯೇ ತಿರುಗಿಸುತ್ತೇನೆಂದು ಇಲ್ಲಿ ಬಂದು ಕಾರ್ಪೊರೇಟ್ ಫೈನಾನ್ಸ್ ತರಗತಿಯ ಮೊದಲ ಬೆಂಚಿನಲ್ಲಿ ಕೂತೆ.

ಮೇಷ್ಟ್ರು ತೆಳ್ಳಗಿನ ಮನುಷ್ಯ, ಅಂಗಿಯ ತೋಳಿನ ತುಂಬ ಸೀಮೆಸುಣ್ಣ. ಮೊದಲ ದಿನ, ಇವತ್ತಿನ ನೂರು ಮುಂದಿನ ವರ್ಷದ ನೂರಕ್ಕಿಂತ ದೊಡ್ಡದು, ಕಾಯುವವನಿಗೆ ಬಡ್ಡಿ ಸಲ್ಲಬೇಕು ಎಂದರು. ನಾನು ಎದ್ದು ನಿಂತೆ. "ಕಾಯೋನಿಗೆ ಬಡ್ಡಿ. ದುಡಿಯೋನಿಗೆ ಏನು ಸರ್?" ಇಡೀ ತರಗತಿ ನಕ್ಕಿತು. ಅವರು ನಗಲಿಲ್ಲ. "ಒಳ್ಳೇ ಪ್ರಶ್ನೆ. ಮೊದಲು ಲೆಕ್ಕ ಕಲಿಯಮ್ಮ, ಕ್ರಾಂತಿಗೂ ಬೇಕಾಗುತ್ತೆ" ಎಂದರು.

ಆಮೇಲೊಂದು ದಿನ ಆಗಿಹೋದ ಖರ್ಚಿನ ಪಾಠ. ಇನ್ನು ಹಿಂದಿರುಗದ ಹಣವನ್ನು ಮುಂದಿನ ತೀರ್ಮಾನದಲ್ಲಿ ಸೇರಿಸಬಾರದು ಎಂಬುದು ನಿಯಮ. "ದುಬಾರಿ ಕೊಟ್ಟೆ ಅಂತ ಕಚ್ಚೋ ಚಪ್ಪಲೀನೇ ಹಾಕ್ಕೊಂಡು ಓಡಾಡ್ತೀರಲ್ಲ, ಕಾಲು ನಿಮ್ದೋ ಅಂಗಡಿಯವನ್ದೋ?" ಎಂದರು. ಆ ದಿನ ನಾನೂ ನಕ್ಕೆ.

ನಮ್ಮ ಕೆಲಸಗಾರರ ಸಮಿತಿಯವರು ಕಳಿಸಿದ ಅಂಕಿಗಳನ್ನು ಮೇಷ್ಟ್ರ ಮುಂದಿಟ್ಟೆ. ಬಾಟಲಿಗೆ ಬರುವ ಬೆಲೆ, ಕುಲುಮೆ ಉರಿಸುವ ಎಣ್ಣೆಯ ಖರ್ಚು, ಸದ್ಯದಲ್ಲೇ ಬದಲಿಸಬೇಕಾದ ಇಟ್ಟಿಗೆ, ಪ್ಲಾಸ್ಟಿಕ್ಕಿಗೆ ತಿರುಗಿರುವ ಗಿರಾಕಿಗಳು. ಮುಂದಿನ ಪ್ರತಿ ವರ್ಷದ ಗಳಿಕೆಯನ್ನೂ ಇವತ್ತಿನ ಬೆಲೆಗೆ ಇಳಿಸಿ ಕೂಡಿದೆ. ನಷ್ಟ ಬಂತು. ಕೂಲಿ ಕಡಿಮೆ ಹಿಡಿದು ಮತ್ತೆ ಮಾಡಿದೆ; ಹಾಗೆ ಮಾಡುವಾಗ ನನ್ನ ಮೇಲೇ ನನಗೆ ಅಸಹ್ಯವಾಯಿತು. ಆಗಲೂ ನಷ್ಟ. ಕೊನೆಗೆ ಮೇಷ್ಟ್ರೇ ಸೀಮೆಸುಣ್ಣ ಹಿಡಿದು, "ಬೆಲೆ ಸ್ವಲ್ಪ ಏರಿಸಿ ನೋಡೋಣ, ಏನಂತೀಯ?" ಎಂದು ಬೋರ್ಡಿನ ತುಂಬ ಬರೆದರು. ಗೆಲ್ಲಲಿ ಎಂದು ಅವರಿಗೂ ಆಸೆಯಿತ್ತಪ್ಪ. ಅವರು ಶತ್ರುವಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ಕೊನೆಯ ಸಾಲಿನಲ್ಲಿ ಮತ್ತೆ ನಷ್ಟವೇ ಬಂದಾಗ ಸೀಮೆಸುಣ್ಣ ಕೆಳಗಿಟ್ಟು ಕೈ ಒರೆಸಿಕೊಂಡರು.

ಹಾಗಾಗಿ ಹೇಳುತ್ತಿದ್ದೇನೆ. ಕುಲುಮೆ ಆರಿಸಿಬಿಡಿ. ಈಗ ಎಣ್ಣೆಯಾಗಿ ಉರಿಯುತ್ತಿರುವುದು ಕೆಲಸ ಹೋದದ್ದಕ್ಕೆ ನಿಮಗೆಲ್ಲ ಸಿಕ್ಕ ಪರಿಹಾರದ ಹಣ. ಬುಡ್ಡಿ ಮಾವನ ಮಗಳ ಓದು, ಅಮ್ಮನ ಕಣ್ಣಿನ ಆಪರೇಷನ್ನು. ನಾನು ಸೋತೆನೆಂದು ಅಂದುಕೊಳ್ಳಬೇಡ. ದುಡಿದವರದೇ ಕಾರ್ಖಾನೆ ಎಂದು ಇವತ್ತೂ ಸ್ಟೂಲು ಹತ್ತಿ ಹೇಳುತ್ತೇನೆ. ಆದರೆ ಕರಪತ್ರ ನಂಬಿಸಿ ನೂರು ಮನೆಗಳ ಒಲೆ ಆರಿಸಲಾರೆ. ಶುಕ್ರವಾರದ ಸಭೆಯಲ್ಲಿ ಇದನ್ನು ನೀನೇ ಓದಬೇಕು. ನೀನು ಹೇಳಿದರೆ ಮಾತ್ರ ಕೇಳುತ್ತಾರೆ.

ಅಮ್ಮನಿಗೆ, ಮಾವನಿಗೆ ನನ್ನ ನೆನಪು ತಿಳಿಸು. ವೇಳೆಗೆ ಸರಿಯಾಗಿ ಊಟ ಮಾಡು. ಆಶೀರ್ವಾದ ಕೇಳಲು ಮುಖವಿಲ್ಲ, ಆದರೂ ಕೇಳುತ್ತೇನೆ.

ನಿನ್ನ ಮಗಳು

ತಾ.ಕ.: ಈ ಸಾಲುಗಳನ್ನು ಸಭೆಯಲ್ಲಿ ಓದಬೇಡ. ನೀನು ಯಾಕೆ ಕುಲುಮೆಯ ಆ ಎಡಗೋಡೆಯ ಹತ್ತಿರವೇ ಕೂತು ಊಟ ಮಾಡುತ್ತೀಯೆಂದು ನನಗೆ ಗೊತ್ತು. ಆ ಇಟ್ಟಿಗೆಗಳನ್ನು ಜೋಡಿಸಿದ್ದು ಅಣ್ಣ. ಕಮಾನು ಕುಸಿದು ಅವನ ಮೇಲೆ ಬಿದ್ದ ದಿನ ಬೆಳಗ್ಗೆ ಮುಗಿಸಿದ ಸಾಲೂ ಅದರಲ್ಲಿದೆ. ಲೆಕ್ಕ ಮಾಡುವಾಗ ಅವನನ್ನು ಎಲ್ಲಿಯೂ ಬರೆಯಲಿಲ್ಲ ಅಪ್ಪಾ. ಹಿಂದಿರುಗದ್ದನ್ನು ಸೇರಿಸಬಾರದು ಎಂಬುದು ನಿಯಮ. ನಿಯಮ ಸರಿಯಾಗಿಯೇ ಇದೆ. ಎಷ್ಟು ಹುಡುಕಿದರೂ ಅದರಲ್ಲಿ ತಪ್ಪು ಸಿಗಲಿಲ್ಲ. ನಾನು ಬರುವವರೆಗೆ ಮಾತ್ರ ಆರಿಸಬೇಡ. ಎಣ್ಣೆ ನಿಲ್ಲಿಸಿದ ಮೇಲೂ ಇಟ್ಟಿಗೆ ತಣಿಯಲು ಒಂದು ವಾರ ಬೇಕು ಎಂದು ನೀನೇ ಹೇಳಿದ್ದೆ. ಆ ವಾರ ಪೂರ್ತಿ ನಿನ್ನ ಪಕ್ಕದಲ್ಲಿ ಕೂರುತ್ತೇನೆ. ಮುಟ್ಟುವಷ್ಟು ತಣ್ಣಗಾದಾಗ ಇಬ್ಬರೂ ಆ ಗೋಡೆಗೆ ಬೆನ್ನು ಕೊಡೋಣ.