ಮರಜರಿಯ ಗರಿ

ಹಾಸ್ಟೆಲ್, ಧಾರವಾಡ
೧೫ ನವೆಂಬರ್ ೧೯೯೮

ಅಪ್ಪಾ,

ನಮಸ್ಕಾರ. ಅಂಜಿಕೊಂಡೇ ಬರೆಯುತ್ತಿದ್ದೇನೆ, ಆದರೆ ಬರೆದದ್ದನ್ನು ಹೊಡೆದು ಹಾಕುವುದಿಲ್ಲ.

ದೀಪಾವಳಿಗೆ ದೊಡವಾಡಕ್ಕೆ ಬಂದಾಗ ನಾನು ತಂದಿದ್ದ ಮರಜರಿಯ, ಅಂದರೆ ಮರದಂತೆ ಬೆಳೆಯುವ ಫರ್ನ್ ಗಿಡದ, ಗರಿಯನ್ನು ನೀವು ಬಚ್ಚಲ ಒಲೆಗೆ ಹಾಕಿದಿರಿ. “ಎಲಿ ಹಿಂದ ಕಂದು ಚುಕ್ಕಿ ಬಿದ್ದಾವು, ರೋಗ ಇದು. ನಾಳೆ ನಮ್ಮ ಹತ್ತಿಗೂ ಬಡಿತೈತಿ” ಎಂದಿರಿ. ಅದು ರೋಗವಲ್ಲ ಅಪ್ಪಾ. ಆ ಗಿಡಕ್ಕೆ ಹೂವಿಲ್ಲ, ಕಾಯಿಲ್ಲ; ಆ ಚುಕ್ಕೆಗಳೊಳಗಿನ ಪುಡಿಯೇ ಅದಕ್ಕೆ ಬೀಜವಿದ್ದಂತೆ. ಒದ್ದೆ ನೆಲಕ್ಕೆ ಬಿದ್ದರೆ ಮೊದಲು ಉಗುರಿನಷ್ಟು ಹಸಿರು ಹಾಳೆ, ಆಮೇಲೆ ಸಸಿ, ಎಷ್ಟೋ ವರ್ಷಕ್ಕೆ ತೆಂಗಿನಂತೆ ನೆಟ್ಟಗೆ ನಿಲ್ಲುವ ಮರ. ಅದಕ್ಕೆ ಹಳ್ಳದ ದಂಡೆ, ನೆರಳು ಬೇಕು. ನಮ್ಮ ಎರಿ ಹೊಲದ ಕಪ್ಪು ಮಣ್ಣಿನಲ್ಲಿ ಹುಟ್ಟುವುದೂ ಇಲ್ಲ, ಹತ್ತಿಯನ್ನು ಮುಟ್ಟುವುದೂ ಇಲ್ಲ.

ಆ ಪುಡಿಯಿಂದ ಸಸಿ ಎಬ್ಬಿಸುವುದೇ ನನ್ನ ಬಾಟನಿ ಪ್ರಾಜೆಕ್ಟ್. ಮತ್ತೊಂದು ಗರಿ ತರಲು ಬರುವ ಭಾನುವಾರ ಕ್ಲಾಸಿನವರ ಜೊತೆ ಖಾನಾಪುರದ ಕಾಡಿಗೆ ಹೋಗಬೇಕು. ನೀವು ಒಪ್ಪಿಗೆಯ ಫಾರ್ಮಿಗೆ ಸಹಿ ಹಾಕದೆ ವಾಪಸ್ ಕಳಿಸಿ, “ಹುಡಿಗ್ಯಾರು ಅಡವಿ ತಿರುಗೂದು ಯಾವ ಸಾಲಿ?” ಎಂದು ಫೋನಿನಲ್ಲಿ ಬೈದಿರಿ.

ನಾನು ಹೋಗುತ್ತೇನೆ. ಫಾರ್ಮನ್ನು ಇನ್ನೊಮ್ಮೆ ಇದರೊಳಗೆ ಇಟ್ಟಿದ್ದೇನೆ. ಶುಕ್ರವಾರದೊಳಗೆ ನಿಮ್ಮ ಸಹಿ ಬರದಿದ್ದರೆ, ಶನಿವಾರ ಅವ್ವ ಮೊದಲ ಬಸ್ಸಿಗೆ ಬಂದು ವಾರ್ಡನ್ ಮೇಡಂ ಎದುರು ಸಹಿ ಹಾಕುತ್ತಾಳೆ. ಮೇಡಂ ಅವರನ್ನು ಕೇಳಿದ್ದೇನೆ, ಅವಳ ಸಹಿಯೂ ನಡೆಯುತ್ತದೆ. ಅವತ್ತು ಎಮ್ಮೆ ನೀವೇ ಹಿಂಡಬೇಕಾಗುತ್ತದೆ.

ನಿಮ್ಮ ಮಗಳು,
ಶೀತಲ