ಅಂಗಾತ ಕುಡಿಸಿದ ಹಾಲು

ನಾಟಕದ ಬಣ್ಣದ ಕೋಣೆಯಲ್ಲಿ ನೆರೆದಿರುವ ಮಹಾಜನರೇ, ಕಿವಿಗೊಟ್ಟು ಕೇಳಿ!

ತಾಯಿ ಸತ್ತ ಅಳಿಲುಮರಿಯನ್ನು ನಿಮ್ಮನ್ನು ನಂಬಿ ಬಿಟ್ಟು, ರಾಜನ ಪಾತ್ರದ ನಾನು ಊಟಕ್ಕೆ ಹೋದೆ. ತಾಯಿ ಪಾತ್ರದ ಅಕ್ಕ ರಂಗದ ಮೇಲೆ ಗೊಂಬೆಗೆ ಕುಡಿಸುವ ಹಾಗೆಯೇ ಅದನ್ನು ಅಂಗಾತ ಮಲಗಿಸಿ ಹಾಲು ಸುರಿದರು. ನೀವೆಲ್ಲ ಚಪ್ಪಾಳೆ ತಟ್ಟಿದಿರಿ! ಹಾಲು ಮೂಗಿನಿಂದ ಬಂತು. ಈಗ ಅದರ ಎದೆ ಗೊರಗೊರ ಎನ್ನುತ್ತಿದೆ.

“ಅಯ್ಯೋ ಮಹಾರಾಜ, ಮಗು ಅಂದ್ಮೇಲೆ ಸೀನೋದಿಲ್ವಾ?” ಎಂದರು ಅಕ್ಕ. ಅದು ಸೀನಲ್ಲ ತಾಯೀ, ಶ್ವಾಸಕೋಶಕ್ಕೆ ಹೊಕ್ಕ ಹಾಲು! ಬೋರಲಾಗಿ ಹಿಡಿದು ಹನಿಹನಿಯಾಗಿ ಕುಡಿಸಿ ಎಂದು ಗಂಟಲು ಹರಿಯುವಂತೆ ಹೇಳಿರಲಿಲ್ಲವೇ?

ಇನ್ನು ಯಾರೂ ಅದನ್ನು ಮುಟ್ಟಕೂಡದು. ದೀಪದಣ್ಣ, ಮರಿ ಮಲಗಿರುವ ಬುಟ್ಟಿಯ ಮೇಲಿನ ಬಲ್ಬು ಆರಿಸಬೇಡ, ಅದು ಬೆಚ್ಚಗಿರಲಿ. ನಾಳೆ ಬೆಳಗ್ಗೆ ತಾಲೀಮಿಗೆ ರಾಜ ಬರುವುದಿಲ್ಲ. ಮರಿಯನ್ನು ಅಂಗಿಯೊಳಗಿಟ್ಟುಕೊಂಡು, ಪಶುವೈದ್ಯರು ಬಾಗಿಲು ತೆರೆಯುವ ಮೊದಲೇ ಅವರ ಮೆಟ್ಟಿಲ ಮೇಲೆ ಕೂತಿರುತ್ತಾನೆ.

ಇಂತಿ,
ನಿಮ್ಮ ಮಹಾರಾಜ