ಕಡೆಗೆ ಬಂದ ಅಡಿಕೆ

ಶಿಕಾರಿಪುರ, ಗುರುವಾರ

ತಮ್ಮ ನಾಗೇಶನಿಗೆ ಅಣ್ಣನ ಆಶೀರ್ವಾದ.

ಫೋನಿನಲ್ಲಿ ಹೇಳಿದರೆ ಕೂಗಾಡುತ್ತೀಯ, ಅದಕ್ಕೇ ಕಾರ್ಡು. ಏತ ನೀರಾವರಿ ಸಭೆಯಲ್ಲಿ, ನೀರಿನಿಂದ ರೈತನಿಗೆ ಏನು ಲಾಭವಾಯಿತೆಂದು ಅಳೆಯುವ ಮಾತು. ಅರ್ಧ ಊರುಗಳಿಗೆ ಈಗ ನೀರು, ಉಳಿದವಕ್ಕೆ ಎರಡು ವರ್ಷ ಬಿಟ್ಟು. ಆ ನಡುವೆ ನೀರು ಬಂದ ಊರು, ಬಾರದ ಊರು ಎರಡನ್ನೂ ಹೋಲಿಸುತ್ತಾರಂತೆ. "ನಾವೇನು ನಿಮ್ಮ ತಕ್ಕಡಿ ಕಲ್ಲಾ?" ಎಂದು ರೇಗಿದೆ. ಅಳೆಯಲು ಬಂದ ಹುಡುಗಿ ನಾಗಶ್ರೀ ಬೆದರಲಿಲ್ಲ. "ಎಲ್ರಿಗೂ ಒಟ್ಟಿಗೆ ಕೊಡೋಷ್ಟು ಪೈಪಿಲ್ರೀ ಅಜ್ಜಾರೆ. ಯಾರಿಗೆ ಮೊದ್ಲು ಅಂತ ಚೀಟಿ ಎತ್ತೋಣ. ಹಿರೇರು, ನೀವೇ ಎತ್ರಿ" ಎಂದಳು.

ಡಬ್ಬಿಯೊಳಗೆ ಕೈ ಹಾಕಿದಾಗ ಅಪ್ಪ ಕಣ್ಣಿಗೆ ಕಟ್ಟಿದ. ಕೆರೆ ನೀರು ಕಮ್ಮಿಯಾದ ವರ್ಷ ಮನೆಗೊಂದರಂತೆ ಗುರುತಿನ ಗೀರು ಹಾಕಿದ ಅಡಿಕೆಯನ್ನು ಗಡಿಗೆಗೆ ಹಾಕಿ, ನೀರು ಹಂಚುವ ನೀರುಗಂಟಿಯಾದ ಅಪ್ಪನೇ ಸರದಿಗೆ ಎತ್ತುತ್ತಿದ್ದ. ಒಮ್ಮೆ ನಮ್ಮ ಅಡಿಕೆ ಕಡೆಗೆ ಬಂತು. "ಸ್ವಂತ ಮನೆ ಗೀರು ಬೆರಳಿಗೆ ತಾಗ್ಲಿಲ್ವಾ?" ಎಂದು ಅವ್ವ ಬೈದದ್ದು, ಅಪ್ಪ ನಗುತ್ತಲೇ ಉಂಡದ್ದು ನಿನಗೂ ನೆನಪಿರಬೇಕು.

ಮೊದಲ ನೀರಿಗೆ ನಾನು ಎತ್ತಿದ ಚೀಟಿಗಳಲ್ಲಿ ನಮ್ಮೂರು ಇರಲಿಲ್ಲ. ಬೇಸಿಗೆ ಭತ್ತ ಬೇಡ, ಉದ್ದು ಹಾಕು. ಮಂಡಿ ನೋವಿಗೆ ಸೂಜಿ ಹಾಕಿಸಿಕೊಂಡು ಮುಂದಿನ ವಾರ ಜಡೆಗೆ ಹೋಗುವ ಬಸ್ಸಿಗೆ ಬರುತ್ತೇನೆ. ಅಷ್ಟರೊಳಗೆ ಬೈದು ಮುಗಿಸು. ನನಗೆ ಅಪ್ಪನ ಹಾಗೆ ನಗಲು ಬರುವುದಿಲ್ಲ.

ನಿನ್ನಣ್ಣ ಗುಡ್ಡಪ್ಪ